ಪಿಎಚ್‌.ಡಿ.ಯಿಂದ ಮೊದಲ ಕೆಲಸದವರೆಗೆ: ಹೊಸ ಸಂಶೋಧಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅದಕ್ಕೂ ಮುಂಚೆ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಆ ವರ್ಷಗಳಲ್ಲೇ ಪಿಎಚ್‌.ಡಿ.ಯನ್ನೂ ಮುಗಿಸಿದೆ. ಸೆಮಿನಾರ್ ಮುಗಿದ ಮೇಲೆ ಊಟದ ಸಾಲಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಮತ್ತು ಅವರ ಗೆಳೆಯರು ಕೇಳುವ ಪ್ರಶ್ನೆಗಳೇ ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ಹೆಚ್ಚಾಗಿ ಕರ್ನಾಟಕದಲ್ಲಿ ಭಾಷೆ, ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರದಂಥ ವಿಷಯ ಓದುವವರಿಗೆ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ಆಯಾ ಅಧಿಸೂಚನೆಯನ್ನು ನೀವೇ ಓದಿ.

## ಶುರು ಮಾಡುವ ಮುಂಚೆ

ಮೇಡಂ, ಎಂ.ಎ. ಮುಗೀತು. ನೆಟ್ ಮೊದಲಾ, ಪಿಎಚ್‌.ಡಿ. ಮೊದಲಾ?

ನೆಟ್, ಅಂದರೆ ಅಧ್ಯಾಪಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ, ಮೊದಲು. ಇದರಲ್ಲಿ ನನಗೆ ಅನುಮಾನವೇ ಇಲ್ಲ. 2023ರ ಜುಲೈನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತನ್ನ ನಿಯಮ ತಿದ್ದಿತು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ. ಕಡ್ಡಾಯವಲ್ಲ ಅಂತ ಹೇಳಿತು. ಅಂದರೆ ಕೆಲಸದ ಬಾಗಿಲು ತೆರೆಯುವುದು ನೆಟ್‌ನಿಂದ.

ಇನ್ನೊಂದು ಕಾರಣವೂ ಇದೆ. 2024ರ ಜೂನ್ ಸುತ್ತಿನಿಂದ ಪಿಎಚ್‌.ಡಿ. ಪ್ರವೇಶಕ್ಕೂ ನೆಟ್ ಅಂಕ ಬಳಸುತ್ತಾರೆ. ಈಗ ಮೂರು ಮೆಟ್ಟಿಲು. ಮೇಲಿನದು ತಿಂಗಳಿಗಿಷ್ಟು ಅಂತ ಹಣ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್, ನಡುವಿನದು ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌.ಡಿ. ಪ್ರವೇಶ, ಕೆಳಗಿನದು ಬರೀ ಪಿಎಚ್‌.ಡಿ. ಪ್ರವೇಶ. ಕೆಳಗಿನ ಎರಡರಲ್ಲಿ ಬಂದವರಿಗೆ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. ಪ್ರವೇಶದ ಮಟ್ಟಿಗೆ ಆ ಅಂಕ ಒಂದೇ ವರ್ಷ ನಡೆಯುತ್ತದೆ.

ಪರೀಕ್ಷೆ ವರ್ಷಕ್ಕೆ ಎರಡು ಸಲ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100. ಒಟ್ಟು 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ನಮ್ಮ ಹುಡುಗರು ಸೋಲುವುದು ಹೆಚ್ಚಾಗಿ ಮೊದಲ ಪತ್ರಿಕೆಯಲ್ಲಿ. ವಿಷಯ ಚೆನ್ನಾಗಿ ಗೊತ್ತಿದ್ದವರೂ ಲೆಕ್ಕ, ತರ್ಕದ ಪ್ರಶ್ನೆಗಳನ್ನು ಅಭ್ಯಾಸವೇ ಮಾಡದೆ ಹೋಗಿ ಕೂರುತ್ತಾರೆ.

ಕೆಸೆಟ್ ಆಗಿದೆ. ಇನ್ನು ನೆಟ್ ಯಾಕೆ?

ಕೆಸೆಟ್ ನಮ್ಮ ರಾಜ್ಯದ ಸೆಟ್, ಕರ್ನಾಟಕದೊಳಗಿನ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸಾಕು. ಈಗ ಅದನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತದೆ, ಮುಂಚೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು. ವಯಸ್ಸಿನ ಮಿತಿ ಇಲ್ಲ, ಕನ್ನಡದಲ್ಲೂ ಬರೆಯಬಹುದು. ಆದರೆ ಹೈದರಾಬಾದಿನಲ್ಲೋ ದೆಹಲಿಯಲ್ಲೋ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಅದು ಬರಲ್ಲ. ಫೆಲೋಶಿಪ್ಪೂ ಇಲ್ಲ. ವಯಸ್ಸು 30 ದಾಟಿಲ್ಲ ಅಂದರೆ ಜೆಆರ್‌ಎಫ್‌ಗೆ ಒಂದು ಕೈ ನೋಡಿ. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲ ಅಭ್ಯರ್ಥಿಗಳಿಗೆ ಇನ್ನೂ ಐದು ವರ್ಷ ಸಡಿಲಿಕೆ ಇದೆ.

ಗೈಡ್ ತಾವೇ ಒಂದು ವಿಷಯ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಲಾ?

ಅವರು ಕೊಡುವ ವಿಷಯದೊಳಗೆ ನಿಮ್ಮ ಪ್ರಶ್ನೆ ಇದ್ದರೆ ತಗೊಳ್ಳಿ. ವಿಷಯ ಬೇರೆ, ಪ್ರಶ್ನೆ ಬೇರೆ. ಇದು ನನಗೆ ಅರ್ಥವಾಗಲು ಒಂದೂವರೆ ವರ್ಷ ಹಿಡಿಯಿತು.

ನಾನು ಮೊದಲು ಬರೆದುಕೊಂಡು ಹೋದ ಶೀರ್ಷಿಕೆ 'ಕೋಲಾರ ಜಿಲ್ಲೆಯ ಕೆರೆಗಳು: ಒಂದು ಅಧ್ಯಯನ'. ಇದು ಶೀರ್ಷಿಕೆಯಾಯಿತು, ಪ್ರಶ್ನೆ ಎಲ್ಲಿ? ಅದು ಗೊತ್ತಾಗದೆ ಊರೂರು ತಿರುಗಿ ಕೆರೆಯ ಉದ್ದ, ಅಗಲ, ಅಚ್ಚುಕಟ್ಟಿನ ಎಕರೆ ಎಲ್ಲ ಬರೆದುಕೊಂಡೆ. ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ತೂಬಿನ ಕಲ್ಲಿನ ಮೇಲೆ ಒಬ್ಬ ಅಜ್ಜ ಕೂತಿದ್ದರು. ಅವರ ಮನೆತನ ನೀರುಗಂಟಿ ಕೆಲಸದ್ದು. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗದ್ದೆಗೆ ನೀರು ಹಂಚುವುದು ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಅದಕ್ಕೆ ಕಾಳಿನ ರೂಪದಲ್ಲಿ ಆಯ ಕೊಡುತ್ತಿದ್ದರು. ನಾನು ಪುಸ್ತಕ ತೆಗೆದು ಅಚ್ಚುಕಟ್ಟು ಎಷ್ಟು ಎಕರೆ ಅಂತ ಕೇಳಿದೆ. ಅಜ್ಜ ನನ್ನ ಪೆನ್ನು ನೋಡಿ ಹೇಳಿದರು: "ಎಕರೆ ಲೆಕ್ಕ ಶಾನುಭೋಗರ ಪುಸ್ತಕದಾಗೆ ಐತೆ ಕಣಮ್ಮ. ಬರಗಾಲದಾಗೆ ನೀರು ಯಾರ ಗದ್ದೆಗೆ ಮೊದಲು ಹೋಯ್ತು ಅಂತ ನನ್ನ ಕೇಳು."

ಅವತ್ತು ರಾತ್ರಿ ಬಸ್ಸಿನಲ್ಲಿ ಬರುವಾಗ ಪ್ರಶ್ನೆ ಸಿಕ್ಕಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಮನೆತನದ ಹುದ್ದೆಗಳು ಹೋದ ಮೇಲೆ ತೂಬಿನ ಅಧಿಕಾರ ಯಾರ ಕೈಗೆ ಹೋಯಿತು? ಜಿಲ್ಲೆ ಹೋಗಿ ಒಂದು ತಾಲ್ಲೂಕಾಯಿತು, ತಾಲ್ಲೂಕು ಹೋಗಿ ಹನ್ನೊಂದು ಹಳ್ಳಿಯಾಯಿತು. ಥೀಸಿಸ್ ಬರೆಯಲು ಆಗಿದ್ದು ಅದರಿಂದಲೇ.

ನಿಮ್ಮ ವಿಷಯವನ್ನು ಪ್ರಶ್ನಾರ್ಥಕ ಚಿಹ್ನೆ ಇರುವ ಒಂದು ವಾಕ್ಯವಾಗಿ ಬರೆದು ಮನೆಯವರಿಗೆ ಓದಿ ಹೇಳಿ. ಅವರಿಗೆ ಅರ್ಥವಾದರೆ ಗೈಡ್ ಹತ್ತಿರ ಹೋಗಿ.

ಒಳ್ಳೆ ಗೈಡ್ ಅಂತ ಹೇಗೆ ಗೊತ್ತಾಗುತ್ತೆ?

ಅವರ ಹೆಸರಿಗಿಂತ ಅವರ ವಿದ್ಯಾರ್ಥಿಗಳನ್ನು ನೋಡಿ. ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಗೈಡ್ ಹೆಸರು ಹಾಕಿ ಹುಡುಕಿದರೆ ಅವರ ಕೈಕೆಳಗೆ ಮುಗಿದ ಥೀಸಿಸ್‌ಗಳು ಸಿಗುತ್ತವೆ. ಎರಡನ್ನು ತೆಗೆದು ಓದಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದರೆ ಯೋಚಿಸಿ. ಈಗಿನ ವಿದ್ಯಾರ್ಥಿಗಳ ಹತ್ತಿರ ಒಂದು ಟೀ ಕುಡಿಯುತ್ತಾ 'ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತೆ?' ಅಂತ ಕೇಳಿ. ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ನಿಯಮದ ಪ್ರಕಾರ ಒಂದು ಸಮಯಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತಗೊಳ್ಳುವಂತಿಲ್ಲ.

ಫೆಲೋಶಿಪ್ ಇಲ್ಲದೆ ಪಿಎಚ್‌.ಡಿ. ಮಾಡಬಹುದಾ ಅಕ್ಕ?

ಮಾಡಬಹುದು, ನಾನೇ ಮಾಡಿದ್ದೇನೆ. ಆದರೆ ಮಾಡಿ ಅಂತ ಹೇಳಲು ನನಗೆ ಮನಸ್ಸು ಬರಲ್ಲ. ಜೆಆರ್‌ಎಫ್ ಇದ್ದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. 2023ರ ಜನವರಿಯಿಂದ ಈ ದರ. ಅದಿಲ್ಲದವರು ಪಾಠ, ಟ್ಯೂಷನ್, ಅನುವಾದ ಅಂತ ಓಡಾಡಿ ಸುಸ್ತಾಗಿ ರಾತ್ರಿ ಓದಲು ಕೂರುತ್ತಾರೆ.

ಬೇರೆ ದಾರಿಗಳನ್ನು ತಟ್ಟಿ ನೋಡಿ. ಸಮಾಜ ವಿಜ್ಞಾನದವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಐಸಿಎಸ್‌ಎಸ್‌ಆರ್ ಡಾಕ್ಟರಲ್ ಫೆಲೋಶಿಪ್ ಇದೆ. ಇತಿಹಾಸದವರಿಗೆ ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ, ಅಂದರೆ ಐಸಿಎಚ್‌ಆರ್. ಬೆಂಗಳೂರಿನ ಐಸೆಕ್‌ನಂಥ ಸಂಶೋಧನಾ ಸಂಸ್ಥೆಗಳು ಫೆಲೋಶಿಪ್ ಜೊತೆಗೇ ಪಿಎಚ್‌.ಡಿ.ಗೆ ಸೇರಿಸಿಕೊಳ್ಳುತ್ತವೆ. ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ರಾಜ್ಯದ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ನೆರವೂ ಇದೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಚಾಲ್ತಿಯಲ್ಲಿ ಇಟ್ಟುಕೊಳ್ಳಿ. ಕೊನೆ ದಿನ ನಾಡಕಚೇರಿ ಸರ್ವರ್ ಕೈಕೊಟ್ಟು ಅರ್ಜಿ ಹಾಕಲಾಗದ ಎಷ್ಟೋ ಮಕ್ಕಳನ್ನು ನೋಡಿದ್ದೇನೆ.

ಈಗಾಗಲೇ ಕೆಲಸದಲ್ಲಿದ್ದರೆ ಪಾರ್ಟ್ ಟೈಮ್ ಪಿಎಚ್‌.ಡಿ. ಮಾಡಬಹುದು. ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಬೇಕು.

## ಪಿಎಚ್‌.ಡಿ. ನಡೆಯುವಾಗ

ಒಟ್ಟು ಎಷ್ಟು ವರ್ಷ ಸಿಗುತ್ತೆ?

2022ರ ಯುಜಿಸಿ ನಿಯಮದಲ್ಲಿ ಶುರುವಿನ ತರಗತಿ ಪಾಠವಾದ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3, ಗರಿಷ್ಠ 6 ವರ್ಷ. ಕೇಳಿದರೆ ಇನ್ನೂ 2 ವರ್ಷ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಇದು ಯಾರೂ ಮಾಡುವ ದಯೆಯಲ್ಲ, ನಿಮ್ಮ ಹಕ್ಕು. ಕಚೇರಿಯಲ್ಲಿ 'ಹಾಗೆಲ್ಲ ಇಲ್ಲಮ್ಮ' ಅಂದರೆ ನಿಯಮದ ಪುಟ ಪ್ರಿಂಟ್ ತೆಗೆದುಕೊಂಡು ಹೋಗಿ.

ಬರೆಯೋಕೆ ಕೂತರೆ ಏನೂ ಬರಲ್ಲ. ಎಲ್ಲ ಓದಿ ಮುಗಿಸಿ ಆಮೇಲೆ ಬರೀಲಾ?

ಓದು ಮುಗಿಯಲ್ಲ. ಓದಿದ ದಿನವೇ ಅರ್ಧ ಪುಟ ಬರೆಯಿರಿ. ಓದಿದ್ದರಲ್ಲಿ ಯಾವುದು ಸರಿ, ಯಾವುದನ್ನು ಒಪ್ಪಲ್ಲ, ನನ್ನ ಹಳ್ಳಿಗೆ ಇದು ಹೊಂದುತ್ತದೆಯೇ, ಇಷ್ಟೇ. ವಾಕ್ಯ ಸೊಟ್ಟಗಿದ್ದರೂ ಪರವಾಗಿಲ್ಲ. ಕ್ಷೇತ್ರಕಾರ್ಯದಿಂದ ಬಂದ ರಾತ್ರಿಯಂತೂ ಎಷ್ಟೇ ನಿದ್ದೆ ಬಂದರೂ ಬರೆದೇ ಮಲಗಬೇಕು. ಬೆಳಗಾಗುವಷ್ಟರಲ್ಲಿ ಮಾತಿನ ಧಾಟಿ ಮರೆತುಹೋಗುತ್ತದೆ, ಬರೀ ವಿಷಯ ಉಳಿಯುತ್ತದೆ.

ಇನ್ನೊಂದು ಮಾತು. ಪ್ರತಿ ಉಲ್ಲೇಖದ ಪುಟಸಂಖ್ಯೆಯನ್ನು ಅಲ್ಲೇ ಆಗಲೇ ಬರೆಯಿರಿ. ನಾನು ಕೊನೆಯ ತಿಂಗಳಲ್ಲಿ ಬರೀ ಪುಟಸಂಖ್ಯೆ ಹುಡುಕಲು ಒಂದು ದೊಡ್ಡ ಗ್ರಂಥಾಲಯದಲ್ಲಿ ಹದಿನಾರು ದಿನ ಕೂತಿದ್ದೆ. ಜೊತೆಗೆ ಫೈಲ್‌ನ ಮೂರು ಪ್ರತಿ ಇರಲಿ: ಲ್ಯಾಪ್‌ಟಾಪ್‌ನಲ್ಲಿ ಒಂದು, ಮೇಲ್‌ನಲ್ಲಿ ಒಂದು, ಬೇರೆ ಮನೆಯಲ್ಲಿಟ್ಟ ಪೆನ್‌ಡ್ರೈವ್‌ನಲ್ಲಿ ಒಂದು.

ಕನ್ನಡದಲ್ಲಿ ಥೀಸಿಸ್ ಬರೆದರೆ ಮುಂದೆ ತೊಂದರೆ ಆಗುತ್ತಾ?

ಈ ಪ್ರಶ್ನೆ ಕೇಳುವಾಗ ಮಕ್ಕಳ ದನಿ ಸಣ್ಣದಾಗುತ್ತದೆ. ನನಗೆ ಬಹಳ ಬೇಸರವಾಗುವುದು ಅದಕ್ಕೇ.

ನೀವು ಯಾವ ಭಾಷೆಯಲ್ಲಿ ಜಗಳ ಆಡಬಲ್ಲಿರೋ ಆ ಭಾಷೆಯಲ್ಲಿ ಬರೆಯಿರಿ. ಥೀಸಿಸ್ ಅಂದರೆ ಒಂದು ವಾದ. ಅರೆಬರೆ ಬರುವ ಭಾಷೆಯಲ್ಲಿ ವಾದ ಮಾಡಲು ಹೋದರೆ ಬೇರೆಯವರ ವಾಕ್ಯಗಳನ್ನು ಜೋಡಿಸುವುದೇ ಕೆಲಸವಾಗುತ್ತದೆ. ಆಯ, ತೂಬು, ಸರತಿ ನೀರು ಇವನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ನನ್ನ ಅಧ್ಯಾಯದ ಅರ್ಧ ಭಾಗ ಅಡಿಟಿಪ್ಪಣಿಯಾಗುತ್ತಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾಗಿದ್ದೇ ಕನ್ನಡದಲ್ಲಿ ಎಲ್ಲ ಜ್ಞಾನಶಾಖೆಗಳ ಸಂಶೋಧನೆ ನಡೆಯಲಿ ಅಂತ. ಬೇರೆ ಹಲವು ವಿಶ್ವವಿದ್ಯಾಲಯಗಳಲ್ಲೂ ಭಾಷೇತರ ವಿಷಯಕ್ಕೆ ಕನ್ನಡದ ಅವಕಾಶ ಇದೆ. ನೋಂದಣಿಗೆ ಮುಂಚೆಯೇ ಅದನ್ನು ಬರಹದಲ್ಲಿ ಖಚಿತ ಮಾಡಿಕೊಳ್ಳಿ.

ತೊಂದರೆ ಇಲ್ಲವೇ ಇಲ್ಲ ಅಂತಲೂ ಹೇಳಲ್ಲ. ರಾಜ್ಯದ ಹೊರಗಿನ ಸಂದರ್ಶನದಲ್ಲಿ ನಿಮ್ಮ ಥೀಸಿಸ್ ಓದಬಲ್ಲವರು ಇರಲ್ಲ. ಅದಕ್ಕೆ ಒಂದು ಅಧ್ಯಾಯವನ್ನಾದರೂ ಇಂಗ್ಲಿಷಿನಲ್ಲಿ ಲೇಖನ ಮಾಡಿ. ನಿಧಾನವಾಗಿ, ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬ ಗೆಳೆಯರ ಜೊತೆ ಕೂತು ಮಾಡಿ. ಓದಂತೂ ಎರಡೂ ಭಾಷೆಯಲ್ಲಿ ಇರಲೇಬೇಕು.

ಗೈಡ್ ಫೋನ್ ಎತ್ತಲ್ಲ, ಅಧ್ಯಾಯ ಓದಲ್ಲ. ಏನ್ ಮಾಡ್ಲಿ?

ಮೊದಲು ಫೋನ್ ಬಿಟ್ಟು ಮೇಲ್ ಮಾಡಿ. ಭೇಟಿಯಾದ ದಿನವೇ 'ಇವತ್ತು ನೀವು ಹೇಳಿದ್ದು ಇಷ್ಟು, ನಾನು ಮುಂದೆ ಮಾಡುವುದು ಇಷ್ಟು' ಅಂತ ನಾಲ್ಕು ಸಾಲು ವಿನಯದಿಂದ ಬರೆದು ಕಳಿಸಿ. ಮುಂದೆ ಏನೇ ಆದರೂ ಆ ಸಾಲುಗಳು ನಿಮ್ಮ ಕೈ ಹಿಡಿಯುತ್ತವೆ.

ಪ್ರತಿ ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು. ಪ್ರತಿ ಸೆಮಿಸ್ಟರ್ ಅದರ ಮುಂದೆ ಪ್ರಗತಿ ಹೇಳಬೇಕು. ಬಹಳ ಜನ ಇದನ್ನು ಸಹಿ ಹಾಕಿಸುವ ಶಾಸ್ತ್ರ ಅಂದುಕೊಂಡಿದ್ದಾರೆ. ಅಲ್ಲ, ಗೈಡ್ ಬಿಟ್ಟು ಬೇರೆಯವರೂ ನಿಮ್ಮ ಕೆಲಸ ನೋಡುವ ಜಾಗ ಅದು. ಅಲ್ಲೇ ಕೇಳಿ. ಗೈಡ್ ಬದಲಾವಣೆಗೆ ಅರ್ಜಿ ಹಾಕಲೂ ಅವಕಾಶ ಇದೆ. ಅದು ಕೊನೆಯ ದಾರಿ, ಆದರೆ ಪಾಪದ ಕೆಲಸವೇನಲ್ಲ.

ಮನೆ ಕೆಲಸ ಮಾಡಿಸುವುದು, ದುಡ್ಡು ಕೇಳುವುದು, ಮೈಮೇಲೆ ಕೈ ಹಾಕುವುದು ಇವು ಗೈಡ್ ಸ್ವಭಾವದ ಪ್ರಶ್ನೆಗಳಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಗಡುವು. ಒಬ್ಬರೇ ಕೂತು ಅಳಬೇಡಿ, ನಂಬುವ ಒಬ್ಬ ಅಧ್ಯಾಪಕಿಗೆ ಅವತ್ತೇ ಹೇಳಿ.

ಕೃತಿಚೌರ್ಯದ ಸಾಫ್ಟ್‌ವೇರ್‌ನಲ್ಲಿ ಎಷ್ಟು ಪರ್ಸೆಂಟ್ ಬಂದ್ರೆ ಪರವಾಗಿಲ್ಲ?

ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬೇರೆ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಆದರೆ ಪರ್ಸೆಂಟ್ ನೋಡಿ ಬರೆಯುವವರು ಪದ ಬದಲಾಯಿಸುವುದರಲ್ಲೇ ದಿನ ಕಳೆಯುತ್ತಾರೆ. ಇಂಗ್ಲಿಷ್ ಪುಸ್ತಕದ ಪುಟವನ್ನು ಕನ್ನಡಕ್ಕೆ ತಿರುಗಿಸಿ ತನ್ನದು ಅಂತ ಇಟ್ಟರೆ ಸಾಫ್ಟ್‌ವೇರ್‌ಗೆ ಗೊತ್ತಾಗದೇ ಇರಬಹುದು. ಅದೂ ಕಳ್ಳತನವೇ. ವೈವಾದಲ್ಲಿ, ಅಂದರೆ ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ, ಆ ಪುಸ್ತಕ ಓದಿದ ಪರೀಕ್ಷಕರು ಎದುರಿಗೆ ಕೂತಿರುತ್ತಾರೆ. ಯಾರ ಮಾತೋ ಅವರ ಹೆಸರು ಹಾಕಿ. ಮಾಹಿತಿ ಕೊಟ್ಟ ಹಳ್ಳಿಯವರಿಗೂ ಇದೇ ಮರ್ಯಾದೆ ಸಲ್ಲಬೇಕು.

## ಪ್ರಕಟಣೆ

ಎರಡೂವರೆ ಸಾವಿರ ಕಟ್ಟಿದ್ರೆ ಒಂದೇ ವಾರದಲ್ಲಿ ಪ್ರಕಟ ಮಾಡ್ತಾರಂತೆ. ಕಳಿಸಲಾ?

ಬೇಡ. ದಯವಿಟ್ಟು ಬೇಡ.

ನಾನು ಒಂದು ಸಲ ಕಳಿಸಿದ್ದೆ. ಅತಿಥಿ ಉಪನ್ಯಾಸಕಿಯ ಸಂಬಳದಲ್ಲಿ 1,800 ರೂಪಾಯಿ ಕಟ್ಟಿದೆ. ನಾಲ್ಕನೇ ದಿನ ಲೇಖನ ಬಂತು. ನನ್ನ ಹೆಸರಿನಲ್ಲೇ ಅಕ್ಷರತಪ್ಪು. ನುಡಿ ಫಾಂಟ್ ಒಡೆದುಹೋಗಿ ಒಂದು ಪುಟವಿಡೀ ಚೌಕಗಳು. ಯಾರೂ ಓದಿರಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಎರಡು ವರ್ಷದ ಕ್ಷೇತ್ರಕಾರ್ಯದ ಅತ್ಯುತ್ತಮ ಭಾಗ ಅಲ್ಲಿ ಹೂತುಹೋಯಿತು. ಒಮ್ಮೆ ಪ್ರಕಟವಾಗಿದ್ದನ್ನು ಒಳ್ಳೆಯ ಪತ್ರಿಕೆ ಮತ್ತೆ ತಗೊಳ್ಳಲ್ಲ.

ಲೆಕ್ಕ ಹಾಕಿ ನೋಡಿದರೂ ಇದು ನಷ್ಟ. ಯುಜಿಸಿಯ 2018ರ ನೇಮಕಾತಿ ನಿಯಮದಲ್ಲಿ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಕರೆಯುವ ಪಟ್ಟಿಗೆ ಒಂದು ಲೇಖನಕ್ಕೆ 2 ಅಂಕ, ಒಟ್ಟು ಗರಿಷ್ಠ 10. ಐದು ಒಳ್ಳೆಯ ಲೇಖನಕ್ಕೆ ಅಲ್ಲಿಗೆ ಮುಗಿಯಿತು. ಇಪ್ಪತ್ತೈದು ಇದ್ದರೂ ಅಷ್ಟೇ. 2022ರ ಪಿಎಚ್‌.ಡಿ. ನಿಯಮವಂತೂ ಥೀಸಿಸ್ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ಇನ್ನೂ ಕೇಳುತ್ತದೆಯೇ ಅಂತ ವಿಚಾರಿಸಿಕೊಳ್ಳಿ, ಸುಮ್ನೆ ಗಾಬರಿ ಬೀಳಬೇಡಿ.

ಕೇರ್ ಪಟ್ಟಿ ನಿಂತುಹೋಯ್ತಲ್ಲ, ಇನ್ನು ಯಾವ ಪತ್ರಿಕೆ ನಂಬೋದು?

ಹೌದು, ನಂಬಬಹುದಾದ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿ ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತಿತು. ಈಗ ಯುಜಿಸಿ ಕೆಲವು ಮಾನದಂಡ ಹೇಳಿ ನಿರ್ಧಾರವನ್ನು ಸಂಸ್ಥೆಗಳಿಗೆ ಬಿಟ್ಟಿದೆ. ಹಾಗಾಗಿ ನಿಮ್ಮ ಕಣ್ಣೇ ನಿಮಗೆ ಪಟ್ಟಿ.

ಪತ್ರಿಕೆಯ ಹಿಂದಿನ ಎರಡು ಸಂಚಿಕೆ ಓದಿ. ಇತಿಹಾಸ, ನರ್ಸಿಂಗ್, ಸಿವಿಲ್ ಎಂಜಿನಿಯರಿಂಗ್ ಎಲ್ಲ ಒಂದೇ ಸಂಚಿಕೆಯಲ್ಲಿ ಇದ್ದರೆ ಮುಚ್ಚಿಡಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗೆ ಮೇಲ್ ಮಾಡಿ 'ನೀವು ಇದರಲ್ಲಿ ಇದ್ದೀರಾ ಸರ್?' ಅಂತ ಕೇಳಿ, ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ. ವಿಮರ್ಶೆಗೆ ಎಷ್ಟು ಸಮಯ ಅಂತ ಹೇಳಿದ್ದಾರಾ ನೋಡಿ. ನಿಮ್ಮ ಥೀಸಿಸ್‌ನಲ್ಲಿ ನೀವೇ ಹೆಚ್ಚು ಉಲ್ಲೇಖಿಸಿದ ಲೇಖನಗಳು ಎಲ್ಲಿ ಬಂದಿವೆಯೋ ಅಲ್ಲಿಗೇ ಮೊದಲು ಕಳಿಸಿ. ಕನ್ನಡದಲ್ಲಿ ಬರೆಯುವವರು ವಿಶ್ವವಿದ್ಯಾಲಯಗಳ ಹಳೆಯ ಸಂಶೋಧನಾ ಪತ್ರಿಕೆಗಳನ್ನು ಮರೆಯಬೇಡಿ.

ಲೇಖನ ವಾಪಸ್ ಬಂತು. ಇದು ನನಗೆ ಆಗಿಬರಲ್ಲ ಅನಿಸ್ತಿದೆ.

ನನ್ನ ಮೊದಲ ಗಂಭೀರ ಲೇಖನ ಅಂಚೆಯಲ್ಲಿ ವಾಪಸ್ ಬಂದಾಗ ಹದಿನಾಲ್ಕು ಪುಟಗಳಲ್ಲಿ ಕೆಂಪು ಇಂಕಿಲ್ಲದ ಪುಟ ಒಂದೂ ಇರಲಿಲ್ಲ. ಮೊದಲ ನಾಲ್ಕು ಪುಟಕ್ಕೆ ಅಡ್ಡಗೆರೆ. ಅಂಚಿನಲ್ಲಿ ಸಂಪಾದಕರು 'ನೀವು ಮಾತಾಡಲು ಶುರು ಮಾಡಿದ್ದು ಐದನೇ ಪುಟದಲ್ಲಿ' ಅಂತ ಬರೆದಿದ್ದರು. ಎರಡು ದಿನ ಅದನ್ನು ಬೀರುವಿನಲ್ಲಿ ಇಟ್ಟುಬಿಟ್ಟೆ. ಮೂರನೇ ದಿನ ತೆಗೆದು ಓದಿದರೆ ಅವರು ಹೇಳಿದ್ದು ಸರಿ. ಒಂಬತ್ತು ಪುಟ ಮಾಡಿ ಕಳಿಸಿದೆ. ಏಳು ತಿಂಗಳ ನಂತರ ಪ್ರಕಟವಾಯಿತು. ಆ ಸಂಪಾದಕರನ್ನು ನಾನು ಇವತ್ತಿನವರೆಗೂ ನೋಡಿಲ್ಲ, ಆದರೆ ನನಗೆ ಬರೆಯಲು ಕಲಿಸಿದವರಲ್ಲಿ ಅವರೂ ಒಬ್ಬರು.

ವಿಮರ್ಶೆಯ ಪ್ರತಿ ಮಾತನ್ನೂ ಒಂದು ಪಟ್ಟಿ ಮಾಡಿ. ಒಪ್ಪಿದ್ದನ್ನು ತಿದ್ದಿ. ಒಪ್ಪದಿದ್ದರೆ ಯಾಕೆ ಅಂತ ಮರ್ಯಾದೆಯಿಂದ ಬರೆಯಿರಿ. ಪೂರ್ತಿ ತಿರಸ್ಕಾರವಾಗಿದ್ದರೆ ತಿದ್ದಿ ಒಂದು ತಿಂಗಳೊಳಗೆ ಇನ್ನೊಂದು ಕಡೆ ಕಳಿಸಿ. ಒಂದೇ ಸಮಯಕ್ಕೆ ಎರಡು ಕಡೆ ಮಾತ್ರ ಬೇಡ.

ಗೈಡ್ ಹೆಸರನ್ನೂ ಲೇಖಕರ ಜಾಗದಲ್ಲಿ ಹಾಕಲೇಬೇಕಾ?

ಅವರು ಬರೆಯುವುದರಲ್ಲಿ, ಯೋಚಿಸುವುದರಲ್ಲಿ ನಿಜವಾಗಿ ಪಾಲುಗೊಂಡಿದ್ದರೆ ಹಾಕಬೇಕು. ವಿಜ್ಞಾನದಲ್ಲಿ ಲ್ಯಾಬ್ ಕೆಲಸ ಒಟ್ಟಾಗಿ ನಡೆಯುವುದರಿಂದ ಅದು ಸಹಜ. ನಮ್ಮ ವಿಷಯಗಳಲ್ಲಿ ಹೆಚ್ಚಾಗಿ ಕೃತಜ್ಞತೆಯ ಸಾಲು ಸಾಕು. ಈ ಮಾತನ್ನು ಲೇಖನ ಬರೆಯುವ ಮುಂಚೆಯೇ ಆಡಿ ಮುಗಿಸಿ.

ಸೆಮಿನಾರ್‌ಗೆ ಹೋಗೋದರಿಂದ ಪ್ರಯೋಜನ ಇದೆಯಾ, ಬರೀ ಸರ್ಟಿಫಿಕೇಟಾ?

ವರ್ಷಕ್ಕೆ ಎರಡು ಸಾಕು. ನಿಮ್ಮ ವಿಷಯದ ಮೂರು ಜನರಾದರೂ ಬರುವ ಸೆಮಿನಾರ್ ಆರಿಸಿ. ಪ್ರಬಂಧ ಮಂಡಿಸಿ ಬಸ್ ಹತ್ತಬೇಡಿ, ಬೇರೆಯವರದನ್ನು ಕೂತು ಕೇಳಿ. ನನ್ನ ಥೀಸಿಸ್‌ಗೆ ಬೇಕಾದ ಕಂದಾಯ ದಾಖಲೆ ರಾಜ್ಯ ಪತ್ರಾಗಾರದಲ್ಲಿದೆ ಅಂತ ಹೇಳಿದ್ದು ವೇದಿಕೆಯ ಮೇಲಿದ್ದವರಲ್ಲ, ಮಧ್ಯಾಹ್ನ ಮೊಸರನ್ನ ತಿನ್ನುತ್ತಾ ಪಕ್ಕದಲ್ಲಿ ಕೂತಿದ್ದ ಒಬ್ಬ ನಿವೃತ್ತ ಮೇಷ್ಟ್ರು.

## ಕೆಲಸ ಮತ್ತು ಬದುಕು

ಅತಿಥಿ ಉಪನ್ಯಾಸಕಿಯಾಗಿ ಸೇರಲಾ? ಅಲ್ಲೇ ಸಿಕ್ಕಿಹಾಕ್ಕೊಂಡುಬಿಟ್ರೆ?

ನಿಮ್ಮ ಹೆದರಿಕೆ ಸರಿಯೇ ಇದೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. 2022ರ ಜನವರಿಯವರೆಗೆ ಯುಜಿಸಿ ಅರ್ಹತೆ ಇದ್ದವರಿಗೂ ತಿಂಗಳಿಗೆ 13,000 ರೂಪಾಯಿ ಇತ್ತು. ಹೋರಾಟದ ನಂತರ ಅರ್ಹತೆಯೂ ಐದು ವರ್ಷಕ್ಕಿಂತ ಹೆಚ್ಚು ಅನುಭವವೂ ಇದ್ದವರಿಗೆ 32,000 ಆಯಿತು, ಜೊತೆಗೆ ವಾರಕ್ಕೆ 15 ಗಂಟೆ ಪಾಠ. ಆಮೇಲೆ ಮತ್ತಷ್ಟು ಏರಿದೆ. ಆದರೆ ಪ್ರತಿ ವರ್ಷ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್. ವರ್ಗಾವಣೆಯಾಗಿ ಕಾಯಂ ಅಧ್ಯಾಪಕರು ಬಂದರೆ ನಿಮ್ಮ ಜಾಗ ಹೋಯಿತು. ಇಷ್ಟು ಓದಿದವರನ್ನು ಇಷ್ಟು ವರ್ಷ ಹೀಗೆ ಇಡುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಆದರೂ ಪಾಠ ಮಾಡುವುದು ಕಲಿತಿದ್ದು ನಾನು ಅಲ್ಲೇ. ಸೇರುವುದಾದರೆ ಒಂದೇ ಕಾಲೇಜಿಗೆ ಸೇರಿ, ಎರಡು ಮೂರು ಕಡೆ ಓಡಬೇಡಿ. ವಾರದಲ್ಲಿ ಎರಡು ದಿನ ಸಂಶೋಧನೆಗೆ ಅಂತ ಮೊದಲೇ ಕೇಳಿ ಟೈಮ್‌ಟೇಬಲ್ ಹಾಕಿಸಿಕೊಳ್ಳಿ.

ಮತ್ತೆ, ಪ್ರತಿ ವರ್ಷ ಮಾರ್ಚ್ ತಿರುಗುವ ಮುಂಚೆ ಸೇವಾ ಪ್ರಮಾಣಪತ್ರ ತಗೊಳ್ಳಿ. ಯಾವ ತಾರೀಖಿನಿಂದ ಯಾವ ತಾರೀಖು, ವಾರಕ್ಕೆ ಎಷ್ಟು ಗಂಟೆ, ಯಾವ ಆದೇಶ ಸಂಖ್ಯೆ ಎಲ್ಲ ಇರಲಿ. ನಾನು ಒಂದು ಕಾಲೇಜಿನಲ್ಲಿ ಎರಡು ವರ್ಷ ದುಡಿದು ಪ್ರಮಾಣಪತ್ರ ಆಮೇಲೆ ತಗೊಂಡರಾಯಿತು ಅಂತ ಬಿಟ್ಟೆ. ಹೋಗಿ ಕೇಳುವಷ್ಟರಲ್ಲಿ ಪ್ರಾಂಶುಪಾಲರು ಬದಲಾಗಿದ್ದರು, ಹಾಜರಿ ಪುಸ್ತಕ ಸಿಗಲಿಲ್ಲ. ಆ ಎರಡು ವರ್ಷ ನನ್ನ ಅರ್ಜಿಯಲ್ಲಿ ಬರಲೇ ಇಲ್ಲ.

ಕಾಯಂ ಹುದ್ದೆಗೆ ಆಯ್ಕೆ ಹೇಗೆ ನಡೆಯುತ್ತೆ?

ಎಲ್ಲಿಗೆ ಅನ್ನುವುದರ ಮೇಲೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಕೆಇಎ ಸ್ಪರ್ಧಾತ್ಮಕ ಪರೀಕ್ಷೆ ನಡೆಸುತ್ತದೆ. 2021ರಲ್ಲಿ 1,242 ಹುದ್ದೆಗೆ ಕರೆದರು, 2022ರ ಮಾರ್ಚ್‌ನಲ್ಲಿ ಪರೀಕ್ಷೆಯಾಯಿತು. ವಿಷಯದ ಪತ್ರಿಕೆ ಜೊತೆಗೆ ಕನ್ನಡ, ಇಂಗ್ಲಿಷ್, ಸಾಮಾನ್ಯ ಜ್ಞಾನವೂ ಇತ್ತು. ಒಂದು ಅಧಿಸೂಚನೆಗೂ ಇನ್ನೊಂದಕ್ಕೂ ನಡುವೆ ವರ್ಷಗಟ್ಟಲೆ ಅಂತರ. ಆದ್ದರಿಂದ ಎಂ.ಎ. ನೋಟ್ಸ್ ಎಸೆಯಬೇಡಿ. ಪಿಎಚ್‌.ಡಿ. ಮಾಡಿದವರು ತಮ್ಮ ಒಂದೇ ವಿಷಯದಲ್ಲಿ ಮುಳುಗಿ ಉಳಿದ ಸಿಲಬಸ್ ಮರೆತಿರುತ್ತಾರೆ, ಪರೀಕ್ಷೆಯಲ್ಲಿ ಪೆಟ್ಟು ಬೀಳುವುದು ಅಲ್ಲೇ. ಕಲ್ಯಾಣ ಕರ್ನಾಟಕದವರು ತಮ್ಮ ಪ್ರದೇಶದ ಮೀಸಲಾತಿಗೆ 371ಜೆ ಅರ್ಹತಾ ಪತ್ರ ಮಾಡಿಸಿಟ್ಟುಕೊಳ್ಳಿ.

ವಿಶ್ವವಿದ್ಯಾಲಯದಲ್ಲಿ ಅಂಕ ಕೂಡಿಸಿ ಸಂದರ್ಶನಕ್ಕೆ ಕರೆಯುತ್ತಾರೆ. ಅಲ್ಲಿ ಪಿಎಚ್‌.ಡಿ.ಗೆ 30 ಅಂಕ, ಸ್ನಾತಕೋತ್ತರಕ್ಕೆ 25ರವರೆಗೆ, ಅನುಭವಕ್ಕೆ ವರ್ಷಕ್ಕೆ 2ರಂತೆ 10ರವರೆಗೆ. ಆದರೆ ಈ ಅಂಕಗಳು ಬಾಗಿಲವರೆಗೆ ಮಾತ್ರ, ಆಯ್ಕೆ ಸಂದರ್ಶನದಲ್ಲಿ. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ಯುಜಿಸಿ ಶ್ರೇಣಿಯಲ್ಲಿ 57,700 ರೂಪಾಯಿ.

ಇಂಟರ್‌ವ್ಯೂನಲ್ಲಿ ಏನ್ ಕೇಳ್ತಾರೆ?

'ನಿಮ್ಮ ಥೀಸಿಸ್ ಏನು, ಎರಡು ನಿಮಿಷದಲ್ಲಿ ಹೇಳಿ' ಅಂತ ಕೇಳೇ ಕೇಳುತ್ತಾರೆ. ಅಧ್ಯಾಯಗಳ ಹೆಸರು ಒಪ್ಪಿಸಬೇಡಿ. ಕೇಳಿದ ಪ್ರಶ್ನೆ, ಕಂಡ ಉತ್ತರ, ಅದರಿಂದ ಹಳೆಯ ಯಾವ ಮಾತು ಬದಲಾಯಿತು, ಇಷ್ಟು ಸಾಕು. ಬಿ.ಎ. ಮೊದಲ ವರ್ಷಕ್ಕೆ ಯಾವ ಪಾಠ ಹೇಗೆ ಮಾಡುತ್ತೀರಿ ಅಂತಲೂ ಕೇಳುತ್ತಾರೆ, ಒಂದು ಪಾಠ ತಯಾರಿಟ್ಟುಕೊಳ್ಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ಮನೆಯಲ್ಲಿ 'ಇನ್ನೂ ಓದ್ತಾನೇ ಇದ್ದೀಯಾ' ಅಂತಾರೆ. ಏನ್ ಹೇಳ್ಲಿ?

ನಮ್ಮಲ್ಲಿ ಬಹಳ ಜನ ಮನೆಗೆ ಮೊದಲ ಪದವೀಧರರು. ಅಪ್ಪ ಅಮ್ಮನಿಗೆ ಪಿಎಚ್‌.ಡಿ. ಅಂದರೆ ಮುಗಿಯದ ಪರೀಕ್ಷೆ. ಅವರದು ತಪ್ಪಲ್ಲ, ನಾವು ವಿವರಿಸಿಲ್ಲ. ನಾನು ನಮ್ಮಮ್ಮನನ್ನು ಒಂದು ಸಲ ಕ್ಷೇತ್ರಕಾರ್ಯಕ್ಕೆ ಕರೆದುಕೊಂಡು ಹೋದೆ. ನನಗೆ ಉತ್ತರ ಕೊಡದ ಹೆಂಗಸರು ಅಮ್ಮನ ಹತ್ತಿರ ಎಲೆ ಅಡಿಕೆ ಹಾಕಿಕೊಂಡು ಎರಡು ಗಂಟೆ ನೀರಿನ ಜಗಳಗಳನ್ನು ಹೇಳಿದರು. ಆಮೇಲೆ ಅಮ್ಮ ಓದು ಯಾವಾಗ ಮುಗಿಯುತ್ತೆ ಅಂತ ಕೇಳಲಿಲ್ಲ, ಆ ಊರಿನ ಕೆರೆ ತುಂಬಿತಾ ಅಂತ ಕೇಳುತ್ತಿದ್ದಳು.

ಆದರೆ ದುಡ್ಡಿನ ಮಾತು ಬೇರೆ. ಇನ್ನೆಷ್ಟು ವರ್ಷ, ಮನೆಗೆ ಎಷ್ಟು ಕೊಡಬಲ್ಲೆ ಅಂತ ಕೂತು ಮಾತಾಡಿ. ಮೂರು ನಾಲ್ಕು ವರ್ಷ ಪ್ರಯತ್ನಿಸಿ ಆಗದಿದ್ದರೆ ಪಿಯು ಕಾಲೇಜು, ಪತ್ರಾಗಾರ, ವಸ್ತುಸಂಗ್ರಹಾಲಯ, ಅನುವಾದ, ಸಂಶೋಧನಾ ಸಂಸ್ಥೆ ಎಲ್ಲ ಇವೆ. ಅಲ್ಲಿ ಹೋದವರು ಸೋತವರಲ್ಲ. ನಿದ್ದೆ ಬಾರದೆ, ಯಾರನ್ನೂ ನೋಡಬೇಡ ಅನಿಸುವಷ್ಟು ಕುಗ್ಗಿದ್ದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲಿ ಮಾತಾಡುತ್ತಾರೆ.

## ಕೆಲಸ ಸಿಕ್ಕ ಮೇಲೆ

ಕೆಲಸ ಸಿಕ್ತು. ಸಂಶೋಧನೆಗೆ ಟೈಮೇ ಇಲ್ಲ ಮೇಡಂ.

ಪ್ರವೇಶಾತಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲು, ಮೌಲ್ಯಮಾಪನ, ಚುನಾವಣೆ ಡ್ಯೂಟಿ ಎಲ್ಲ ನನಗೂ ಇದೆ. ನಾನು ಕಂಡುಕೊಂಡಿದ್ದು ಇಷ್ಟು: ಬೆಳಗ್ಗೆ ಆರರಿಂದ ಏಳೂವರೆ ನನ್ನದು, ವಾರಕ್ಕೆ ನಾಲ್ಕು ದಿನ. ಮೊದಲ ಎರಡು ವರ್ಷ ಹೊಸ ವಿಷಯ ಹಿಡಿಯಬೇಡಿ, ಥೀಸಿಸ್‌ನಲ್ಲಿ ಉಳಿದದ್ದನ್ನೇ ಬರೆಯಿರಿ. ಓದಲು ಪತ್ರಿಕೆ ಸಿಗಲ್ಲ ಅನ್ನುವ ಕೊರಗು ಈಗ ಸ್ವಲ್ಪ ಕಡಿಮೆಯಾಗಿದೆ. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತಿವೆ. ನಿಮ್ಮ ಕಾಲೇಜು ನೋಂದಾಯಿಸಿದೆಯೇ ಅಂತ ಗ್ರಂಥಪಾಲಕರನ್ನು ಕೇಳಿ, ಇಲ್ಲದಿದ್ದರೆ ನೀವೇ ಮುಂದೆ ನಿಂತು ಮಾಡಿಸಿ.

ನಾನೂ ಗೈಡ್ ಆಗೋದು ಯಾವಾಗ?

ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌.ಡಿ. ಮತ್ತು ವಿಮರ್ಶೆಗೆ ಒಳಪಟ್ಟ ಪತ್ರಿಕೆಗಳಲ್ಲಿ ಕನಿಷ್ಠ ಮೂರು ಲೇಖನ ಬೇಕು. ಮಾನ್ಯತೆ ವಿಶ್ವವಿದ್ಯಾಲಯ ಕೊಡುತ್ತದೆ. ನಾಲ್ಕು ಜನರನ್ನು ತಗೊಳ್ಳಬಹುದು ಅಂತ ನಾಲ್ಕನ್ನೂ ಒಂದೇ ವರ್ಷ ತುಂಬಿಸಬೇಡಿ.

ಥೀಸಿಸ್‌ನ ಪುಸ್ತಕ ಮಾಡೋದು ಹೇಗೆ?

ಮೊದಲ ಅಧ್ಯಾಯ ತೆಗೆದುಹಾಕಿ. ಉದ್ದೇಶ, ವ್ಯಾಪ್ತಿ, ಪೂರ್ವಾಧ್ಯಯನ, ವಿಧಾನ ಇವೆಲ್ಲ ಪರೀಕ್ಷಕರಿಗೆ ಬೇಕಿದ್ದವು, ಓದುಗರಿಗೆ ಬೇಡ. ನಾನು ಪುಸ್ತಕವನ್ನು ತೂಬಿನ ಕಲ್ಲಿನ ಮೇಲೆ ಕೂತಿದ್ದ ಅಜ್ಜನಿಂದ ಶುರು ಮಾಡಿದೆ. ಕೋಷ್ಟಕಗಳನ್ನು ಅರ್ಧಕ್ಕಿಳಿಸಿದೆ. ಪ್ರತಿ ಅಧ್ಯಾಯದ ಕೊನೆಯ 'ಸಾರಾಂಶ' ತೆಗೆದೆ. ಹಾಗೆ ತಿದ್ದಲು ಒಂದು ವರ್ಷ ಹಿಡಿಯಿತು.

ದುಡ್ಡು ಕೇಳಿ ಥೀಸಿಸ್ ಇದ್ದ ಹಾಗೇ ಅಚ್ಚು ಹಾಕುವವರಿಗೆ ಕೊಡಬೇಡಿ. ಒಪ್ಪಂದ ಬರಹದಲ್ಲಿರಲಿ, ಎಷ್ಟು ಪ್ರತಿ, ಎಷ್ಟು ಗೌರವಧನ, ಹಕ್ಕು ಯಾರದು ಅಂತ ಇರಲಿ. ಮಾಹಿತಿ ಕೊಟ್ಟವರ ಹೆಸರು ಹಾಕುವ ಮುಂಚೆ ಅವರನ್ನೋ ಅವರ ಮಕ್ಕಳನ್ನೋ ಕೇಳಿ. ಹನ್ನೊಂದು ಹಳ್ಳಿಗೂ ನಾನು ಪುಸ್ತಕ ತಗೊಂಡು ಹೋದೆ. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಮೊಮ್ಮಗಳು ಹತ್ತನೇ ತರಗತಿ. ನಿಂತಲ್ಲೇ ಮೊದಲ ಪುಟ ಗಟ್ಟಿಯಾಗಿ ಓದಿದಳು, ಆಮೇಲೆ ನಮ್ಮ ತಾತ 'ಐತೆ' ಅಂತಿದ್ದರು, ನೀವು 'ಇದೆ' ಅಂತ ಬರೆದಿದ್ದೀರಿ ಅಂದಳು. ಮರುಮುದ್ರಣದಲ್ಲಿ ತಿದ್ದಿದ್ದೇನೆ.